ಸಂಪಿನಲ್ಲಿ ಇಟಲಿಯ ಮಂಜು

ನಮ್ಮ ಓನರ್ ಅಂಕಲ್ ಸಂಪಿನೊಳಗೆ ಉಸಿರುಗಟ್ಟಿ ಒದ್ದಾಡುತ್ತಿದ್ದಾಗ ನಾವು ಮೂವರು ಮೇಲೆ ನಿಂತು, ಚೆನ್ನಾಗಿ ಬರುತ್ತಿದೆ ಎಂದು ಮಾತಾಡಿಕೊಳ್ಳುತ್ತಿದ್ದೆವು. ಇದನ್ನು ನೆನಪಿನಿಂದ ಹೇಳುತ್ತಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಆಗಿದೆ. ಒಟ್ಟು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. "ಚೆನ್ನಾಗಿ ಬರ್ತಿದೆ" ಎನ್ನುವ ಧ್ವನಿ ನನ್ನದು.

ಆ ಕ್ಲಿಪ್ಪನ್ನು ಬಸ್ಸಿನಲ್ಲಿ ನೋಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಮರೆಯಲ್ಲಿಟ್ಟುಕೊಂಡು ನೋಡಿದ್ದೇನೆ. ಹಾಲು ಕಾಯಿಸಲು ಇಟ್ಟು, ಅದು ಉಕ್ಕಿ ಒಲೆ ಆರಿಹೋದರೂ ಗೊತ್ತಾಗದೆ ನೋಡಿದ್ದೇನೆ. ಯಾವ ಸೆಕೆಂಡಿನಲ್ಲಿ ಏನಾಗುತ್ತದೆ ಎಂಬುದು ಬಾಯಿಪಾಠವಾಗಿದೆ. ಆದರೂ ಪ್ರತಿ ಸಲವೂ ಒಂದು ನಿಮಿಷ ಐವತ್ತನೇ ಸೆಕೆಂಡಿಗೆ ಬಂದಾಗ, ಈ ಹೆಂಗಸು ಈಗಲಾದರೂ ಬೇರೆ ಏನಾದರೂ ಹೇಳಬಹುದು ಎಂದು ಕಾಯುತ್ತೇನೆ. ಅವಳು ಹೇಳುವುದಿಲ್ಲ.

ಬಸವೇಶ್ವರನಗರದ ಆ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದು ಆರು ವರ್ಷವಾಯಿತು. ಕೆಳಗೆ ಓನರ್ ಅಂಕಲ್, ಆಂಟಿ. ಹಿಂದಿನ ಒಂಟಿ ರೂಮಿನಲ್ಲಿ ಗದಗದ ಕಡೆಯ ಒಬ್ಬ ತರುಣ. ಗಾಡಿಯಲ್ಲಿ ಊಟದ ಪಾರ್ಸೆಲ್ ತಲುಪಿಸುವ ಕೆಲಸ. ನಾನು ವಿಜಯನಗರದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಷಯ ಕೆಮಿಸ್ಟ್ರಿ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಇದನ್ನು ಆಮೇಲೆ ಹೇಳಿದರೆ ಮುಚ್ಚಿಟ್ಟಂತಾಗುತ್ತದೆ, ಅದಕ್ಕೆ ಈಗಲೇ ಹೇಳಿದೆ.

ಅಂಕಲ್ ಎಪ್ಪತ್ತು ದಾಟಿದವರು. ಸಣ್ಣ ಮೈ, ಎಲುಬು ಎಣಿಸಬಹುದು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿಭಾಗದಲ್ಲಿದ್ದರು. ಚಿಕ್ಕ ವಯಸ್ಸಿನಲ್ಲೇ ಕೆಲಸಕ್ಕೆ ಸೇರಿದವರು ಪಾಳಿ ಮುಗಿಸಿ ಮನೆಗೆ ಬರದೆ ಮೆಜೆಸ್ಟಿಕ್ ಕಡೆ ಮಾರ್ನಿಂಗ್ ಶೋಗೆ ಹೋಗುತ್ತಿದ್ದರಂತೆ. ಅಲ್ಲಿ ಅವರಿಗೆ ಸಿಕ್ಕಿದ್ದು ರಾಕ್ಷಸರ ಇಂಗ್ಲಿಷ್ ಪಿಕ್ಚರುಗಳು. ಕಪ್ಪು ಬಿಳುಪು. ಒಂದು ಹಾಳು ಕೋಟೆ, ಒಬ್ಬ ಹುಚ್ಚು ಡಾಕ್ಟರು, ಮೇಣದಬತ್ತಿ ಹಿಡಿದು ಬೇಡದ ಕಡೆಗೇ ನಡೆಯುವ ಒಬ್ಬ ಹೆಂಗಸು, ಕೊನೆಯಲ್ಲಿ ಕೆಸರಿನಿಂದಲೋ ಗೋರಿಯಿಂದಲೋ ಏಳುವ ಒಂದು ಪ್ರಾಣಿ. ಪಾತ್ರಗಳ ಬಾಯಿ ಒಂದು ಹೇಳಿದರೆ ಮಾತು ಇನ್ನೊಂದು ಕೇಳುತ್ತಿತ್ತು.

"ಇಂಗ್ಲಿಷ್ ಮಾತಾಡೋವಾಗ ಬಾಯಿ ಲೇಟಾಗಿ ಮುಚ್ಕೊಳ್ಳುತ್ತೆ ಅಂತ್ಲೇ ನಾನು ತಿಳ್ಕೊಂಡಿದ್ದೆ ಕಣಮ್ಮ" ಎಂದು ಅವರೇ ಹೇಳಿದ್ದರು. "ನಮ್ಮ ಮಿಲ್ ಮ್ಯಾನೇಜರ್ ಇಂಗ್ಲಿಷ್‌ನಲ್ಲಿ ಬೈಯೋವಾಗ ಅವರ ಬಾಯಿನೇ ನೋಡ್ತಾ ನಿಂತಿರ್ತಿದ್ದೆ. ಅವರದು ಸರಿಯಾಗೇ ಮುಚ್ತಿತ್ತು. ಇವರಿಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅಂದ್ಕೊಂಡೆ."

ಎರಡು ವರ್ಷದ ಹಿಂದೆ ಗದಗದವನು ಅವರ ಟಿವಿಗೆ ಇಂಟರ್ನೆಟ್ ಜೋಡಿಸಿಕೊಟ್ಟ. ಅಂಕಲ್ ಮೊದಲು ಹುಡುಕಿದ್ದು ಆ ಪಿಕ್ಚರುಗಳನ್ನು. ಆಗ ತಿಳಿಯಿತು, ಅವು ಇಂಗ್ಲಿಷ್ ಅಲ್ಲ, ಇಟಲಿಯವು. ಐವತ್ತು ಅರವತ್ತರ ದಶಕಗಳಲ್ಲಿ ಕೆಲವೇ ವಾರಗಳಲ್ಲಿ ತೆಗೆದು, ಇಂಗ್ಲಿಷ್ ಮಾತು ಅಂಟಿಸಿ, ದೇಶದೇಶಕ್ಕೆ ಕಳಿಸಿದ ಅಗ್ಗದ ಚಿತ್ರಗಳು. ನಿರ್ದೇಶಕರು, ನಟರು ಎಲ್ಲ ಅಮೆರಿಕದವರೆಂದು ಕಾಣಲಿ ಎಂದು ಹೆಸರನ್ನೂ ಬದಲಿಸಿಕೊಳ್ಳುತ್ತಿದ್ದರು. ಇದನ್ನು ಕೇಳಿ ಅಂಕಲ್ ಎರಡು ದಿನ ಸಪ್ಪಗಿದ್ದರು.

ಆಂಟಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ನಮ್ಮ ರೋಡಲ್ಲಿ ಮೂರು ಬೇಕರಿ ಇವೆ. ಮೂರಕ್ಕೂ ಅಯ್ಯಂಗಾರ್ ಅಂತ ಬೋರ್ಡು. ಒಬ್ಬನಾದ್ರೂ ಅಯ್ಯಂಗಾರಾ? ಬನ್ನು ಚೆನ್ನಾಗಿದೆ, ತಿಂತೀರಿ ತಾನೇ?"

ಹಾಗೆ ಭಾನುವಾರ ಮಧ್ಯಾಹ್ನದ ಊಟದ ಮೇಲೆ ಅವರ ಹಾಲಿನಲ್ಲಿ ನಾವು ನಾಲ್ಕು ಜನ ಕೂರುವುದು ಅಭ್ಯಾಸವಾಯಿತು. ನಾನು ಮೊದಲು ಹೋಗಿದ್ದು ಮರ್ಯಾದೆಗೆ. ಆಮೇಲೆ ಚಟವಾಯಿತು. ಕಿಟಕಿಗೆ ಬೆಡ್‌ಶೀಟು ಕಟ್ಟಿ, ಚುರುಮುರಿ ಕಲಸಿಕೊಂಡು ನೋಡುತ್ತಿದ್ದೆವು. ಅಂಕಲ್ ಕತೆ ನೋಡುತ್ತಿರಲಿಲ್ಲ. ಕಡಿಮೆ ಸಾಮಾನಿನಲ್ಲಿ ಇವರು ಹೇಗೆ ಸಂಭಾಳಿಸಿದರು ಎಂಬುದನ್ನು ನೋಡುತ್ತಿದ್ದರು. ಹೋದ ವಾರದ ಪಿಕ್ಚರಿನ ಮೆಟ್ಟಿಲು ಈ ವಾರದ ಪಿಕ್ಚರಿನಲ್ಲೂ ಬಂದರೆ ಹಳೆಯ ಸ್ನೇಹಿತ ಸಿಕ್ಕಂತೆ ಖುಷಿ. "ಗೋಡೆ ಕಟ್ಟೋಕೆ ಆಗ್ಲಿಲ್ವಾ? ಹೊಗೆ ಬಿಡು. ಕಾಡು ಇಲ್ವಾ? ಹೊಗೆ ಬಿಡು. ರಾಕ್ಷಸನ ಬೆನ್ನಲ್ಲಿ ಜಿಪ್ ಕಾಣ್ತಾ ಇದೆಯಾ? ಇನ್ನೂ ಹೊಗೆ ಬಿಡು. ಅರ್ಧ ಪಿಕ್ಚರ್ ಮಾಡಿರೋದೇ ಹೊಗೆ."

ಒಂದು ಪಿಕ್ಚರಿನಲ್ಲಿ ರಾಕ್ಷಸನಿಗೆ ಕೈಕಾಲು ಇರಲಿಲ್ಲ. ಮುದ್ದೆಯಾಗಿ ಉಬ್ಬುತ್ತ ಮೆಟ್ಟಿಲ ಮೇಲೆ ಹರಿದು ಬರುತ್ತಿತ್ತು. ಗದಗದವನು ಮುಂದಕ್ಕೆ ಬಗ್ಗಿ ನೋಡಿ, "ಅಂಕಲ್, ಅದು ಬೋಟಿ ಐತ್ರಿ" ಎಂದ. ಮತ್ತೆ ಹಿಂದಕ್ಕೆ ಹಾಕಿಸಿ ನೋಡಿದೆವು. ನಿಜವಾಗಿಯೂ ಮಟನ್ ಅಂಗಡಿಯ ಬೋಟಿಯಂತೆಯೇ, ಕುರಿಯ ಕರುಳಿನಂತೆಯೇ ಇತ್ತು. ಆಂಟಿ ಕನ್ನಡಕ ಹಾಕಿಕೊಂಡು ಪರೀಕ್ಷಿಸಿ, "ಸುಣ್ಣ ಹಾಕಿ ತೊಳೆದಿಲ್ಲ. ತೊಳೆದಿದ್ರೆ ಬೆಳ್ಳಗಿರ್ತಿತ್ತು" ಎಂದರು.

ಈ ಬೇಸಿಗೆಯಲ್ಲಿ ಅಂಕಲ್, ನಾವೂ ಒಂದು ತೆಗೆಯೋಣ ಎಂದರು. ಐದು ನಿಮಿಷದ್ದು ಸಾಕು. "ಸಾಯೋದ್ರೊಳಗೆ ಒಂದ್ಸಲ ರಾಕ್ಷಸ ಆಗ್ಬೇಕು ಕಣಮ್ಮ. ಬೇರೆ ಆಸೆ ಏನಿಲ್ಲ ನಂಗೆ."

"ಹೊಸದಾಗಿ ಏನು ಆಗೋದು" ಎಂದರು ಆಂಟಿ, ಒಳಗಿನಿಂದ.

ಕತೆ ಸರಳವಾಗಿತ್ತು. ಒಂದು ಶಾಪಗ್ರಸ್ತ ಬಾವಿ. ದೀಪ ಹಿಡಿದ ಹೆಂಗಸು ಬಾವಿಯ ಹತ್ತಿರ ಬರುತ್ತಾಳೆ. ಮಂಜಿನಿಂದ ಒಂದು ಕೈ ಮೇಲೆ ಬರುತ್ತದೆ, ಆಮೇಲೆ ತಲೆ. ಹೆಂಗಸು ಕಿರುಚುತ್ತಾಳೆ. ಮುಗಿಯಿತು. ಹೆಂಗಸು ಆಂಟಿ. ಕ್ಯಾಮೆರಾ ಎಂದರೆ ಗದಗದವನ ಮೊಬೈಲು. ಮಂಜಿನ ಜವಾಬ್ದಾರಿ ನನಗೆ, ಏಕೆಂದರೆ ಮನೆಯಲ್ಲಿ ಸೈನ್ಸ್ ಓದಿದವಳು ನಾನೊಬ್ಬಳೇ. ಬಾವಿ ಎಂದರೆ ಗೇಟಿನ ಪಕ್ಕ, ಗಾಡಿ ನಿಲ್ಲಿಸುವ ಜಾಗದ ಕೆಳಗಿದ್ದ ನೀರಿನ ಸಂಪು.

ಸಂಪು ಖಾಲಿ ಇರುವುದು ವರ್ಷಕ್ಕೆ ಎರಡು ದಿನ. ನಮ್ಮ ರಸ್ತೆಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ನೀರು ಬರದ ಒಂದು ಭಾನುವಾರ ಆರಿಸಿ, ಉಳಿದದ್ದನ್ನು ಮೋಟರಿನಲ್ಲಿ ಮೇಲಿನ ಟ್ಯಾಂಕಿಗೆ ಏರಿಸಿ, ಒಳಗೆ ಕಬ್ಬಿಣದ ಏಣಿ ಇಳಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯುತ್ತಾರೆ. ಸೋಮವಾರ ಬೆಳಿಗ್ಗೆ ಮತ್ತೆ ತುಂಬುತ್ತದೆ. ಹಾಗಾಗಿ ನಮ್ಮ ಚಿತ್ರಕ್ಕೆ ಇದ್ದದ್ದು ಆ ಭಾನುವಾರದ ಕೆಲವು ಗಂಟೆಗಳು ಮಾತ್ರ. ತಪ್ಪಿದರೆ ದೀಪಾವಳಿಯ ಹೊತ್ತಿಗೆ. ಅಷ್ಟು ಕಾಯಲು ಅಂಕಲ್ ಒಪ್ಪಲಿಲ್ಲ.

ರಾಕ್ಷಸನ ವೇಷವನ್ನು ಹದಿನೈದು ದಿನ ಕೂತು ಅವರೇ ಮಾಡಿದರು. ಹಳೆಯ ಹಾಸಿಗೆಯ ಫೋಮು ಕತ್ತರಿಸಿ, ಮೈಗೆ ಸುತ್ತಿ, ಅದು ಬಿಚ್ಚಿಕೊಳ್ಳದಂತೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ಹೆಗಲಿನಿಂದ ಸೊಂಟದವರೆಗೆ ಬಿಗಿದದ್ದು. ಉಗುರುಗಳು ಬಟ್ಟೆ ಹ್ಯಾಂಗರಿನ ತಂತಿಯವು. ಮುಖಕ್ಕೆ ಪೇಪರ್ ನೆನೆಸಿ ಮಾಡಿದ ಮುಖವಾಡ, ಮೂಗಿನ ಹತ್ತಿರ ಎರಡು ತೂತು. ಸಂಪಿನ ಬಾಯಿ ಎರಡಡಿ ಅಗಲ. ಅದರಲ್ಲಿ ತೂರುವಷ್ಟು ಸಣ್ಣಗಿದ್ದವರು ನಮ್ಮಲ್ಲಿ ಅವರೊಬ್ಬರೇ. ಅದಿಲ್ಲದಿದ್ದರೂ ಆ ಪಾತ್ರವನ್ನು ಅವರು ಬೇರೆಯವರಿಗೆ ಬಿಡುತ್ತಿರಲಿಲ್ಲ.

ಮಂಜಿಗೆ ಮೊದಲು ಧೂಪ ಹಾಕಿ ನೋಡಿದೆ. ಅದು ಮೇಲಕ್ಕೆ ಹೋಗಿ ಆಂಟಿಗೆ ಕೆಮ್ಮು ಬಂತು. ಅಂಕಲ್‌ಗೆ ಬೇಕಿದ್ದದ್ದು ನೆಲಕ್ಕೆ ಅಂಟಿಕೊಂಡು ಹರಿಯುವ ಹೊಗೆ. ಡ್ರೈ ಐಸ್ ತರಿಸಿ, ಬಿಸಿನೀರಿಗೆ ಹಾಕಿದರೆ ಹೊಗೆ ನೆಲದ ಮೇಲೇ ಹರಿಯುತ್ತದೆ ಎಂದವಳು ನಾನು. ಗದಗದವನಿಗೆ ಐಸ್‌ಕ್ರೀಮ್ ಗೋಡೌನಿನಲ್ಲಿ ಗುರುತಿನವರಿದ್ದರು. ಥರ್ಮೋಕೋಲ್ ಡಬ್ಬಿ ತುಂಬ ತಂದ. ಬರಿಗೈಯಲ್ಲಿ ಮುಟ್ಟಬಾರದು, ಚರ್ಮ ಸುಟ್ಟ ಹಾಗಾಗುತ್ತದೆ ಎಂದು ಎಲ್ಲರಿಗೂ ಎರಡೆರಡು ಸಲ ಎಚ್ಚರಿಸಿದೆ. ಇಕ್ಕಳ ಕೊಟ್ಟೆ. ಮಸಿಬಟ್ಟೆ ಕೊಟ್ಟೆ. ಸುರಕ್ಷತೆಯ ವಿಷಯದಲ್ಲಿ ನಾನು ಬಹಳ ಶಿಸ್ತಿನವಳು.

ಬೆಳಿಗ್ಗೆ ಹನ್ನೊಂದಕ್ಕೆ ಸಂಪು ಒರೆಸಿ ಮುಗಿಯಿತು. ಬಿಸಿಲು ರಾಚುತ್ತಿತ್ತು. ಆ ಪಿಕ್ಚರುಗಳಲ್ಲಿ ಹಗಲಿನಲ್ಲೇ ತೆಗೆದು ರಾತ್ರಿ ಎಂದು ತೋರಿಸುತ್ತಿದ್ದರು ಎಂದು ಅಂಕಲ್ ಹೇಳಿದ್ದರಿಂದ, ಗೇಟಿಗೂ ಪಕ್ಕದ ಕಾಂಪೌಂಡಿಗೂ ನೀಲಿ ಟಾರ್ಪಾಲ್ ಕಟ್ಟಿ ಕತ್ತಲು ಮಾಡಿದೆವು. ಗಾಳಿ ಆಡುತ್ತಿರಲಿಲ್ಲ. ಹೊಗೆ ಚದುರುವುದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ.

ಇಳಿಯುವ ಮೊದಲು ಅಂಕಲ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಸೂಚನೆ ಕೊಟ್ಟರು. ಆ ಇಟಲಿಯವರು ಶೂಟಿಂಗಿನಲ್ಲಿ ಸೌಂಡ್ ರೆಕಾರ್ಡ್ ಮಾಡುತ್ತಿರಲಿಲ್ಲ, ಮಾತು ಕಿರುಚಾಟ ಎಲ್ಲ ಆಮೇಲೆ ಸೇರಿಸುತ್ತಿದ್ದರು. ನಮ್ಮದೂ ಅದೇ ಪದ್ಧತಿ. "ಹಾಗಾಗಿ ನೀವು ಏನ್ ಬೇಕಾದ್ರೂ ಮಾತಾಡ್ಕೊಳ್ಳಿ, ತೊಂದ್ರೆ ಇಲ್ಲ. ನಾನೂ ಒಳಗಿಂದ ಕೂಗ್ತೀನಿ, ಗುರ್ ಅಂತೀನಿ, ಏಣಿ ಬಡೀತೀನಿ. ಮೂಡ್ ಬರೋಕೆ ಅದು. ಅದನ್ನ ಕೇಳಿ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ನೋಡಿ ಮತ್ತೆ!"

"ಊಟ ಎಷ್ಟೊತ್ತಿಗೆ?" ಎಂದರು ಆಂಟಿ.

"ಲೇ, ನೀನು ಶಾಪಗ್ರಸ್ತ ಮನೆತನದವಳು. ಊಟ ಕೇಳ್ಬೇಡ."

"ಮನೆತನದ್ದು ನಂಗೆ ಮದುವೆ ದಿನಾನೇ ಗೊತ್ತಾಯ್ತು."

ಮೊದಲನೇ ಸಲ ಡಬ್ಬಿಯಲ್ಲಿದ್ದುದರ ಕಾಲು ಭಾಗವನ್ನು ಬಕೆಟಿನ ಬಿಸಿನೀರಿಗೆ ಹಾಕಿ, ಬಕೆಟನ್ನು ಹಗ್ಗ ಕಟ್ಟಿ ಸಂಪಿಗೆ ಇಳಿಸಿದೆ. ಬಿಳಿ ಹೊಗೆ ಮೊಣಕಾಲೆತ್ತರ ಬಂತು. ಅಂಕಲ್ ಏಣಿಯ ಮೇಲೆ ನಿಂತು ಕೈ ತೋರಿಸಿದರು, ತಲೆ ತೋರಿಸಿದರು, ಮುಖವಾಡ ಎತ್ತಿ ನೋಡಿದರು. ತೃಪ್ತಿಯಾಗಲಿಲ್ಲ.

"ಏನ್ ಮೇಡಂ ಇದು, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗಿದೆ. ಎಲ್ಲಾ ಹಾಕಿ."

ನಾನು ಬಕೆಟು ಮೇಲೆಳೆದುಕೊಂಡು ಹೊಸ ನೀರು ಕಾಯಿಸಲು ಇಟ್ಟೆ. ಆಗ ಅವರು ಇನ್ನೊಂದು ಮಾತು ಹೇಳಿದರು. "ಒಳಗೆ ಒಂಥರಾ ಹುಳಿ ಹುಳಿ ವಾಸನೆ. ಸೋಡಾ ಕುಡಿದು ತೇಗಿದ್ರೆ ಮೂಗಿಗೆ ಹತ್ತುತ್ತಲ್ಲ, ಹಂಗೆ."

"ಸೋಡಾದಲ್ಲಿರೋದೇ ಅಂಕಲ್ ಅದು" ಎಂದೆ ನಾನು. ನಕ್ಕೆ ಕೂಡ. ಈ ಭಾಗ ರೆಕಾರ್ಡ್ ಆಗಿಲ್ಲ. ರೆಕಾರ್ಡ್ ಆಗದಿರುವುದೂ ನನಗೆ ಬಾಯಿಪಾಠವಿದೆ.

ಉಳಿದದ್ದನ್ನೆಲ್ಲ ಎರಡು ಬಕೆಟಿಗೆ ಹಾಕಿ ಇಳಿಸಿದೆ. ಅಂಕಲ್ ಮುಖವಾಡ ಎಳೆದುಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದು ಕುಕ್ಕರಗಾಲಿನಲ್ಲಿ ಕೂತರು. ಹೊಗೆ ಅವರ ತಲೆಯ ಮೇಲೆ ಮುಚ್ಚಿಕೊಂಡು ಸಂಪಿನ ಬಾಯಿವರೆಗೆ ಬಂದು ನಿಂತಿತು. ಅಂಚಿನಲ್ಲಿ ಸ್ವಲ್ಪ ತುಳುಕಿತು. ಟಿವಿಯಲ್ಲಿ ನೋಡಿದ ಹಾಗೇ ಇತ್ತು. ಗದಗದವನು ರೆಕಾರ್ಡಿಂಗ್ ಒತ್ತಿದ.

ಕ್ಲಿಪ್ಪು ಶುರುವಾಗುವುದು ಇಲ್ಲಿಂದ.

ಮೊದಲ ಒಂದು ನಿಮಿಷ ಆಂಟಿ ಲಾಟೀನು ಹಿಡಿದು ನಡೆಯುತ್ತಾರೆ. ಹೆದರಿದ ಹಾಗೆ ಮುಖ ಮಾಡಲು ಅವರಿಗೆ ಬರುವುದಿಲ್ಲ. ತರಕಾರಿ ಗಾಡಿಯವನು ಕೊಳೆತ ಟೊಮೆಟೊ ಹಾಕಿದ್ದಾನೆಯೇ ಎಂದು ನೋಡುವ ಮುಖವದು. ಒಂದು ನಿಮಿಷ ಹತ್ತನೇ ಸೆಕೆಂಡಿನಲ್ಲಿ ಸಂಪಿನೊಳಗಿಂದ ಠಣ್ ಠಣ್ ಎಂದು ಏಣಿ ಬಡಿಯುವ ಸದ್ದು. ಯಾರೂ ಆ ಕಡೆ ತಿರುಗುವುದಿಲ್ಲ. ಸೌಂಡ್ ಲೆಕ್ಕಕ್ಕಿಲ್ಲ ಎಂದು ನಾವು ಒಪ್ಪಿಕೊಂಡಿದ್ದೆವು; ಮೊಬೈಲು ಒಪ್ಪಿಕೊಂಡಿರಲಿಲ್ಲ.

ಒಂದು ನಿಮಿಷ ಐವತ್ತಕ್ಕೆ ಗದಗದವನು ಕೇಳುತ್ತಾನೆ: "ಅಕ್ಕಾರ, ಈ ಹೊಗಿ ಮ್ಯಾಲ ಯಾಕ ಬರವಲ್ದು?"

ನನ್ನ ಧ್ವನಿ, ತರಗತಿಯ ಧ್ವನಿ: "ಗಾಳಿಗಿಂತ ಭಾರ ಅದು. ಕಾರ್ಬನ್ ಡೈಆಕ್ಸೈಡ್ ಅಲ್ವಾ? ನೀರಿನ ಥರ ತಳದಿಂದ ತುಂಬ್ಕೊಂಡು ಬರುತ್ತೆ. ಒಳಗಿರೋ ಗಾಳಿನೆಲ್ಲ ಆಚೆ ತಳ್ಳಿಬಿಡುತ್ತೆ."

ನನ್ನ ವಿದ್ಯಾರ್ಥಿ ಇದನ್ನು ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಎರಡು ನಿಮಿಷ ಇಪ್ಪತ್ತಕ್ಕೆ ಒಳಗಿನಿಂದ ಒಂದು ದೀರ್ಘವಾದ ನರಳಾಟ. "ಭಾರಿ ಮಾಡಾಕತ್ತಾರ ಬಿಡ್ರಿ ಅಂಕಲ್" ಎನ್ನುತ್ತಾನೆ ಅವನು. ಎರಡು ನಿಮಿಷ ನಲವತ್ತಕ್ಕೆ ಹೊಗೆಯಿಂದ ತಂತಿಯುಗುರಿನ ಕೈ ಮೇಲೆ ಬರುತ್ತದೆ. ಸಂಪಿನ ಅಂಚನ್ನು ಹುಡುಕುತ್ತದೆ, ಸಿಗುವುದಿಲ್ಲ. ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ. ಕೈ ನಿಧಾನವಾಗಿ ಕೆಳಗೆ ಜಾರುತ್ತದೆ. ನಾವು ನೋಡಿದ ಅಷ್ಟೂ ಪಿಕ್ಚರುಗಳಲ್ಲಿ ಅಷ್ಟು ಒಳ್ಳೆಯ ಶಾಟ್ ಇರಲಿಲ್ಲ. ನಾನು "ಚೆನ್ನಾಗಿ ಬರ್ತಿದೆ" ಎನ್ನುವುದು ಆಗಲೇ. ಯಾರೋ ಚಪ್ಪಾಳೆ ತಟ್ಟುತ್ತಾರೆ. ಅದೂ ನಾನೇ ಇರಬೇಕು. ಅವನ ಕೈಯಲ್ಲಿ ಮೊಬೈಲಿತ್ತು, ಆಂಟಿಯ ಕೈಯಲ್ಲಿ ಲಾಟೀನು.

ಆಂಟಿ ಕಿರುಚಬೇಕಿತ್ತು. ಕಿರುಚಲಿಲ್ಲ. ಸಂಪಿನ ಬಾಯಿಯನ್ನೇ ನೋಡುತ್ತ ಮಾಮೂಲಿ ಧ್ವನಿಯಲ್ಲಿ ಹೇಳಿದರು:

"ಇವ್ರಿಗೆ ಇಷ್ಟು ಚೆನ್ನಾಗಿ ಆಕ್ಟಿಂಗ್ ಬರಲ್ಲ."

ಅಲ್ಲಿಂದ ಮುಂದೆ ಮೊಬೈಲು ನೆಲಕ್ಕೆ ಬಿದ್ದು ಟಾರ್ಪಾಲಿನ ನೀಲಿ ಮಾತ್ರ ಕಾಣುತ್ತದೆ. ಸದ್ದು ಇದೆ. ಗದಗದವನು ಸಂಪಿಗೆ ಕಾಲಿಟ್ಟಿದ್ದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. "ಇಳೀಬೇಡ! ಇಳಿದ್ರೆ ನೀನೂ ಹೋಗ್ತೀಯ! ಮಲಗು, ಮಲಗಿ ಕೈ ಹಾಕು, ಉಸಿರು ಎಳೀಬೇಡ!" ಕ್ಲಿಪ್ಪಿನಲ್ಲಿ ನನ್ನ ಈ ಮಾತು ಬಹಳ ಸ್ಪಷ್ಟವಾಗಿ ಕೇಳುತ್ತದೆ. ಏನು ಮಾಡಬಾರದು ಎಂಬುದು ಇವಳಿಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿತ್ತಲ್ಲ ಎಂದು ಕೇಳಿದವರಿಗೆ ಅನ್ನಿಸಬೇಕು. ನನಗೆ ಅನ್ನಿಸುತ್ತದೆ.

ಅವನು ಹೊಟ್ಟೆಯ ಮೇಲೆ ಮಲಗಿ, ಉಸಿರು ಕಟ್ಟಿ, ಹೆಗಲವರೆಗೆ ಒಳಗೆ ಬಗ್ಗಿದ. ಅಂಕಲ್ ತಳಕ್ಕೆ ಬಿದ್ದಿರಲಿಲ್ಲ. ಹ್ಯಾಂಗರಿನ ತಂತಿಯುಗುರು ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡು, ಒಂದು ಕೈಯಲ್ಲಿ ತೂಗುಹಾಕಿದ ಹಾಗೆ ನೇತಾಡುತ್ತಿದ್ದರು. ಬಿದ್ದಿದ್ದರೆ ನಮ್ಮ ಕೈಗೆ ಎಟಕುತ್ತಿರಲಿಲ್ಲ. ಅವನು ಎದೆಯ ಮೇಲಿನ ನೈಲಾನ್ ಹಗ್ಗ ಹಿಡಿದ. ನಾನು ಅವನ ಸೊಂಟ ಹಿಡಿದು ಎಳೆದೆ. ಆಂಟಿ ಲಾಟೀನು ಕೆಳಗಿಟ್ಟು, ಮಂಡಿಯೂರಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಒಳಗೆ ಕೈ ಹಾಕಿ, ಆ ಉಗುರನ್ನು ಮೆಟ್ಟಿಲಿನಿಂದ ಬಿಡಿಸಿದರು. ಜಡೆಯ ಸಿಕ್ಕು ಬಿಡಿಸುವಷ್ಟು ನಿಧಾನವಾಗಿ ಬಿಡಿಸಿದರು. ನನಗೆ ಹಾಗೆ ನೆನಪು. ಕ್ಲಿಪ್ಪಿನ ಸದ್ದಿನ ಪ್ರಕಾರ ಅದು ಆರು ಸೆಕೆಂಡು.

ಮೇಲೆ ತಂದು ಟಾರ್ಪಾಲ್ ಹರಿದು ಬಿಸಿಲಿಗೆ ಎಳೆದೆವು. ಮುಖವಾಡ ಕಿತ್ತಾಗ ತುಟಿ ನೇರಳೆ ಬಣ್ಣಕ್ಕಿತ್ತು. ಉಸಿರು ಇತ್ತು, ಇಲ್ಲ, ಇತ್ತು. ಆಂಟಿ ಕೆನ್ನೆಗೆ ಪಟಪಟ ಬಡಿದು "ಏನ್ರೀ, ಏನ್ರೀ, ಏನ್ರೀ" ಎನ್ನುತ್ತಿದ್ದರು. ಎಷ್ಟನೇ 'ಏನ್ರೀ'ಗೋ ಅಂಕಲ್ ಒಂದು ಸಲ ದೊಡ್ಡದಾಗಿ ಉಸಿರೆಳೆದು ವಾಂತಿ ಮಾಡಿಕೊಂಡರು. ಕ್ಲಿಪ್ಪು ಮುಗಿಯುವುದು ಅಲ್ಲಿಗೆ. ಮೊಬೈಲಿನಲ್ಲಿ ಜಾಗ ತುಂಬಿತ್ತು.

ವೇಷ ಬಿಚ್ಚಲು ಹೊತ್ತಿರಲಿಲ್ಲ. ಫೋಮಿನ ಸಮೇತ ಆಟೋದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಹೊರಟೆವು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನಣ್ಣ, ಕರಡಿ ವೇಷನಾ?" ಎಂದ. ಅಂಕಲ್ ಅರೆಪ್ರಜ್ಞೆಯಲ್ಲೇ "ರಾಕ್ಷಸ" ಎಂದು ತಿದ್ದಿದರು. ಅವರು ಉಳಿಯುತ್ತಾರೆ ಎಂದು ನನಗೆ ಮೊದಲು ಅನ್ನಿಸಿದ್ದು ಆಗ.

ಆಕ್ಸಿಜನ್ ಹಾಕಿದರು. ಒಂದು ರಾತ್ರಿ ಇಟ್ಟುಕೊಂಡು ನೋಡುತ್ತೇವೆ ಎಂದರು. ಡ್ಯೂಟಿ ಡಾಕ್ಟರಿಗೆ ನನಗಿಂತ ಹತ್ತು ವರ್ಷ ಚಿಕ್ಕ ವಯಸ್ಸಿರಬೇಕು. ಆಂಟಿಯಿಂದ ವಿಷಯ ಕೇಳಿ ತಿಳಿದುಕೊಂಡು, "ಇನ್ನೊಂದೆರಡು ನಿಮಿಷ ಆಗಿದ್ರೆ ಕಷ್ಟ ಇತ್ತು. ಯಾರಿಗೂ ಗೊತ್ತಿರ್ಲಿಲ್ವಾ ಇದು ಡೇಂಜರ್ ಅಂತ?" ಎಂದರು.

"ಪಾಪ, ನಮ್ಮಂಥೋರಿಗೆ ಹೆಂಗ್ ಗೊತ್ತಾಗುತ್ತೆ ಡಾಕ್ಟ್ರೇ" ಎಂದು ಆಂಟಿ ಒಳಗೆ ಹೋದರು.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಏನ್ ಮಾಡ್ಕೊಂಡಿದೀರಾ ಮೇಡಂ?"

"ಲೆಕ್ಚರರ್."

"ಯಾವ ಸಬ್ಜೆಕ್ಟ್?"

"ಕನ್ನಡ" ಎಂದೆ.

ಪಕ್ಕದಲ್ಲಿ ನಿಂತಿದ್ದ ಗದಗದವನು ನನ್ನ ಮುಖ ನೋಡಿದ. ಹೊರಗೆ ಬಂದ ಮೇಲೆ ಟೀ ತಂದುಕೊಟ್ಟ.

ಅಂಕಲ್ ಮರುದಿನ ಮನೆಗೆ ಬಂದರು. ನಾಲ್ಕೈದು ದಿನ ತಲೆನೋವು ಎಂದರು, ಅಷ್ಟೇ. ಆಂಟಿ ಮಾತ್ರ ನನಗೆ ದಿನಕ್ಕೆ ಎರಡು ಸಲ ಏನಾದರೂ ಮೇಲೆ ತಂದುಕೊಡುವುದಕ್ಕೆ ಶುರು ಮಾಡಿದರು. ಬಸ್ಸಾರು, ರೊಟ್ಟಿ, ಒಂದು ದಿನ ಒಬ್ಬಟ್ಟು. ಪಕ್ಕದ ಮನೆಯವರಿಗೆಲ್ಲ, "ನಮ್ಮ ಮಹಡಿ ಮೇಡಂ ಇರ್ಲಿಲ್ಲ ಅಂದಿದ್ರೆ ಇಬ್ಬರೂ ಹೋಗ್ತಿದ್ರು. ಆ ಹುಡುಗ ಇಳಿಯೋಕೆ ಹೋದ, ಇವಳು ಹಿಡ್ಕೊಂಡ್ಳು" ಎಂದು ಹೇಳುತ್ತಿದ್ದರು. ಗೇಟಿನ ಹತ್ತಿರ ಅದನ್ನು ಕೇಳಿಸಿಕೊಂಡು ಮೆಟ್ಟಿಲು ಹತ್ತುವುದು ನನಗೆ ದಿನದಿನಕ್ಕೂ ಕಷ್ಟವಾಯಿತು. ಒಬ್ಬಟ್ಟು ತಿಂದೆ. ತಿನ್ನದಿದ್ದರೆ ಯಾಕೆಂದು ಕೇಳುತ್ತಿದ್ದರು.

ಎರಡನೇ ವಾರ ಅಂಕಲ್ ಕ್ಲಿಪ್ಪು ಕೇಳಿದರು. ಅಷ್ಟರಲ್ಲಿ ಗದಗದವನು ಅದನ್ನು ನನ್ನ ಮೊಬೈಲಿಗೆ ಕಳಿಸಿ, ತನ್ನದರಿಂದ ಅಳಿಸಿದ್ದ. "ನೀವೇ ಇಟ್ಕೊಳ್ರಿ ಅಕ್ಕಾರ. ತೋರ್ಸಬೇಕಂದ್ರ ತೋರ್ಸ್ರಿ, ಇಲ್ಲಂದ್ರ ಇಲ್ಲ" ಎಂದಿದ್ದ. ಅದನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಎರಡು ರಾತ್ರಿ ಆ ಬೆರಳನ್ನು ಮೊಬೈಲಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಶನಿವಾರ ಸಂಜೆ ಕೆಳಗೆ ಹೋಗಿ ಅವರ ಟಿವಿಗೆ ಹಾಕಿದೆ. ಗದಗದವನನ್ನೂ ಕರೆದೆ. ಸೌಂಡು ಜೋರಾಗಿಟ್ಟೆ.

ತಮ್ಮ ಕೈ ಮೇಲೆ ಬಂದು ಜಾರಿದಾಗ ಅಂಕಲ್ ಮೈಯೆಲ್ಲ ಕಣ್ಣಾಗಿ ನೋಡಿದರು. ಆಂಟಿ ಅದನ್ನು ನೋಡಲಿಲ್ಲ. ಅವರು ಅದಕ್ಕೂ ಮೊದಲೇ, ಒಂದು ನಿಮಿಷ ಐವತ್ತರಲ್ಲೇ ನಿಂತುಬಿಟ್ಟಿದ್ದರು.

"ಹಿಂದಕ್ಕೆ ಹಾಕು" ಎಂದರು. ಹಾಕಿದೆ. ಗಾಳಿಗಿಂತ ಭಾರ ಅದು. ಒಳಗಿರೋ ಗಾಳಿನೆಲ್ಲ ಆಚೆ ತಳ್ಳಿಬಿಡುತ್ತೆ.

"ಇದು ನೀನಾ?"

"ಹೌದು ಆಂಟಿ."

"ಅಂದ್ರೆ ಗೊತ್ತಿತ್ತು."

"ಗೊತ್ತಿತ್ತು. ವರ್ಷಾ ವರ್ಷಾ ಪಾಠ ಮಾಡ್ತೀನಿ ಅದನ್ನ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಇದಕ್ಕೆ ಹದಿಮೂರು ದಿನ ಕೂತು ತಯಾರು ಮಾಡಿದ್ದ ಉತ್ತರಗಳಿದ್ದವು. "ಹೊಗೆ ಚೆನ್ನಾಗಿ ಬರ್ತಿತ್ತು ಆಂಟಿ" ಎಂದೆ. ಅದೇ ನಿಜ.

ಅಂಕಲ್ ಕೆಮ್ಮಿ, "ಅವಳನ್ನ ಒಬ್ಬಳನ್ನೇ ಯಾಕೆ ಕೇಳ್ತೀಯಾ" ಎಂದರು. "ಮಿಲ್‌ನಲ್ಲಿ ಬಣ್ಣದ ತೊಟ್ಟಿ ತೊಳೆಯೋಕೆ ಒಬ್ಬನೇ ಇಳೀಬಾರ್ದು ಅಂತ ರೂಲ್ ಇತ್ತು. ಮೇಲೊಬ್ಬ ನಿಂತಿರ್ಬೇಕು, ಹೆಸರು ಕೂಗ್ತಾ ಇರ್ಬೇಕು, ಕೆಳಗಿನವನು ಓ ಅಂತಿರ್ಬೇಕು. ಓ ಅನ್ನದಿದ್ರೆ ಎಳೀಬೇಕು. ಹೊಸ ಹುಡುಗ್ರಿಗೆ ನಾನೇ ಹೇಳ್ಕೊಡ್ತಿದ್ದೆ."

ಗದಗದವನು ನೆಲ ನೋಡುತ್ತ, "ನಮ್ಮೂರಾಗ ಹಾಳು ಬಾವಿಗೆ ಇಳಿಯೂದಕ್ಕಿಂತ ಮೊದ್ಲ ಕಂದೀಲು ಬಿಡ್ತಾರ್ರಿ" ಎಂದ. "ಆರಿತಂದ್ರ ಇಳಿಯಂಗಿಲ್ಲ. ನಮ್ಮ ಕಾಕಾಂದು ಹಂಗ ಆಗಿತ್ತು."

ಆಂಟಿ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. "ಹಾಗಾದ್ರೆ ಈ ಮನೇಲಿ ಗೊತ್ತಿಲ್ಲದೆ ಇದ್ದಿದ್ದು ನಂಗೊಬ್ಬಳಿಗೆ" ಎಂದು ಎದ್ದು ಅಡಿಗೆಮನೆಗೆ ಹೋದರು. ಬಾಗಿಲು ಹಾಕಿಕೊಂಡರು. ನಾವು ಮೂವರು ಟಿವಿ ಆರಿಸಿ, ಹೇಳದೆ ಕೇಳದೆ ಎದ್ದು ನಮ್ಮ ನಮ್ಮ ಕಡೆ ಹೋದೆವು. ಅಂಕಲ್ ಹೋಗಲು ಬೇರೆ ಕಡೆ ಇಲ್ಲದೆ ಗೇಟಿನ ಹತ್ತಿರ ನಿಂತಿದ್ದರು.

ಆ ರಾತ್ರಿ ನಾನು ಬೇರೆ ಮನೆ ಹುಡುಕುವ ಬಗ್ಗೆ ಯೋಚಿಸಿದೆ. ಕೆಂಗೇರಿ ಕಡೆ ಸಿಗಬಹುದು ಎಂದುಕೊಂಡೆ.

ಬೆಳಿಗ್ಗೆ ಏಳಕ್ಕೆ ಆಂಟಿ ಮೆಟ್ಟಿಲ ಕೆಳಗಿನಿಂದ ಕೂಗಿದರು. ಕೈಯಲ್ಲಿ ಏನೂ ಇರಲಿಲ್ಲ. "ಬಾ ಇಲ್ಲಿ. ನಿಂಗೆ ಏನೇನು ಗೊತ್ತೋ ಎಲ್ಲ ಇವತ್ತೇ ಹೇಳ್ಬಿಡು."

ನನ್ನನ್ನು ಮೊದಲು ಬಚ್ಚಲಮನೆಗೆ ಕರೆದುಕೊಂಡು ಹೋದರು. ಗ್ಯಾಸ್ ಗೀಸರಿಗೆ ಬೆರಳು ತೋರಿಸಿ, "ಇದು?" ಎಂದರು. ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡಿದರೆ ಏನಾಗಬಹುದೆಂದು ಹೇಳಿದೆ. ಅವರು ಕಿಟಕಿ ತೆರೆದರು. ಇಪ್ಪತ್ತು ವರ್ಷದಿಂದ ಬಣ್ಣ ಅಂಟಿ ಕೂತಿದ್ದ ಕಿಟಕಿ, ತೆರೆಯಲು ಸುತ್ತಿಗೆ ಬೇಕಾಯಿತು. ಮೂಲೆಯಲ್ಲಿ ಆಸಿಡ್ ಬಾಟ್ಲಿ, ಅದರ ಪಕ್ಕಕ್ಕೇ ಸಂಪು ತೊಳೆದು ಉಳಿದಿದ್ದ ಬ್ಲೀಚಿಂಗ್ ಪೌಡರ್. ಎರಡೂ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ಹೇಳಿದೆ. "ಹೋದ ತಿಂಗಳು ಸೇರಿಸಿದ್ದೆ. ಕಣ್ಣು ಉರೀತು" ಎಂದು, ಒಂದನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿಟ್ಟು ಬಂದರು. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇನ್ವರ್ಟರ್ ಬ್ಯಾಟರಿ. ಅಲ್ಲೇ ದೇವರ ಎಣ್ಣೆ, ಬೆಂಕಿಪೊಟ್ಟಣ. ಹೇಳಿದೆ. ಅಂಕಲ್ ಸ್ಕ್ರೂಡ್ರೈವರ್ ಹಿಡಿದು ಹಿಂದೆ ಹಿಂದೆ ಬರುತ್ತಿದ್ದರು. ಗೂಡಿನ ಬಾಗಿಲನ್ನೇ ಬಿಚ್ಚಿ ಪಕ್ಕಕ್ಕೆ ಇಟ್ಟರು. ಆಂಟಿ ನನ್ನ ಮುಖ ನೋಡಿ ಮಾತಾಡಲಿಲ್ಲ. ವಸ್ತುವನ್ನು ತೋರಿಸುವುದು, ನಾನು ಹೇಳುವುದು, ಅವರು ಅದಕ್ಕೇನು ಮಾಡಬೇಕೋ ಮಾಡುವುದು. ಒಂದೂವರೆ ಗಂಟೆ ಹೀಗೇ ನಡೆಯಿತು. ಆ ಮನೆಯಲ್ಲಿ ಮನುಷ್ಯರು ಇಷ್ಟು ವರ್ಷ ಬದುಕಿದ್ದಾರೆ ಎನ್ನುವುದೇ ಕೊನೆಗೆ ಆಶ್ಚರ್ಯ ಅನ್ನಿಸತೊಡಗಿತು.

"ಇನ್ನೇನಾದ್ರೂ ಇದೆಯಾ?"

"ಇಲ್ಲ ಆಂಟಿ."

"ಸರಿ, ಹೋಗು. ಕಾಲೇಜಿಗೆ ಹೊತ್ತಾಗುತ್ತೆ."

ಭಾನುವಾರ, ಕಾಲೇಜಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನಾನು ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದಾಗ ಇನ್ನೊಂದು ನೆನಪಾಯಿತು. ಸಣ್ಣದು. ನಾಳೆ ಹೇಳಿದರೂ ಆಗುತ್ತಿತ್ತು, ಅವರು ಸ್ವಲ್ಪ ತಣ್ಣಗಾದ ಮೇಲೆ. ಹಾಗೆ ಅಂದುಕೊಂಡು ಎರಡು ಮೆಟ್ಟಿಲು ಹತ್ತಿಯೂ ಬಿಟ್ಟೆ. ಆಮೇಲೆ ತಿರುಗಿ ಇಳಿದು ಬಾಗಿಲು ಬಡಿದೆ.

"ಆಂಟಿ, ಮಲಗೋ ರೂಮಲ್ಲಿ ರಾಗಿ ಡ್ರಮ್ ಇದೆಯಲ್ಲ. ಹುಳ ಬೀಳದೆ ಇರ್ಲಿ ಅಂತ ಮಾತ್ರೆ ಏನಾದ್ರೂ ಹಾಕಿದೀರಾ?"

"ಹಾಕಿದೀನಿ. ಅಂಗಡಿಯವನು ಕೊಟ್ಟ. ಎರಡು."

"ಕಿಟಕಿ ಬಾಗಿಲು ಎಲ್ಲ ತೆಗೀರಿ" ಎಂದೆ. "ಆ ಮಾತ್ರೆ ವಿಷದ ಗ್ಯಾಸ್ ಬಿಡುತ್ತೆ. ನೀವಿಬ್ಬರೂ ಆಚೆ ಬನ್ನಿ. ಈಗಲೇ."

ಆಂಟಿ ಸೆರಗು ಸಿಕ್ಕಿಸಿಕೊಂಡು ಒಳಗೆ ತಿರುಗಿ, "ಏನ್ರೀ, ಬನ್ನಿ ಆಚೆ" ಎಂದು ಕೂಗಿದರು. ಒಳಗಿನಿಂದ ಅಂಕಲ್, "ಓ" ಎಂದರು.